ಬಾಗಿಲ ಕಡೆಗೆ ಸರಿದ ಕುರ್ಚಿಗಳು

ಗುರುವಾರ, ಮಧ್ಯಾಹ್ನ

ಪುಟ್ಟಿ,

ನಿನ್ನ ಸಂಶಯಪಿಶಾಚಿ ತಾಯಿಯ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ನೀನೂ ಅಳಿಯಂದಿರೂ ಹಾಗೇ ಇದ್ದೀರಿ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ.

ನನ್ನನ್ನು ನೋಡಿಕೊಳ್ಳಲೆಂದು ನೀನು ಗೊತ್ತುಮಾಡಿದ ಹೆಂಗಸು, ಅದೇ ಬೆಳಿಗ್ಗೆ ಬಂದು ಸಂಜೆಗೆ ಹೋಗುವವಳು, ನನಗೆ ಮೊದಲ ದಿನದಿಂದಲೇ ಸರಿಕಾಣಲಿಲ್ಲ. ಮೌನಗೌರಿ ಎಂದು ಹೆಸರಿಟ್ಟಿದ್ದೇನೆ. ಕೇಳಿದ್ದಕ್ಕೆ ಒಂದು ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಬಾಯಿಬಡುಕರಾದರೆ ಮಾತಿನಲ್ಲೇ ಸಿಕ್ಕಿಬೀಳುತ್ತಾರೆ, ಇಂಥವರನ್ನು ಹಿಡಿಯುವುದು ಕಷ್ಟ. ನನ್ನ ಹೊಲಿಗೆ ಅಂಗಡಿಯಲ್ಲಿ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದು ನಿಲ್ಲುವವರನ್ನು ಎಷ್ಟು ಜನರನ್ನು ನೋಡಿಲ್ಲ? ಟೇಪು ಹಿಡಿದು ನೋಡದೆ ನಾನು ಯಾರನ್ನೂ ನಂಬುವವಳಲ್ಲ.

ಮೊದಲು ಸರಿದದ್ದು ಕಿಟಕಿಯ ಪಕ್ಕದ ಕುರ್ಚಿ. ನನಗೇ ಮರೆವೇನೋ ಎಂದುಕೊಂಡೆ. ಆಮೇಲೆ ಪುಸ್ತಕದ ಗಿಡ್ಡ ಕಪಾಟು ಸರಿಯಿತು, ಊಟದ ಮೇಜಿನ ಕುರ್ಚಿಗಳು ಒಂದೊಂದಾಗಿ ಹೊರಟವು. ಎಲ್ಲವೂ ಬಾಗಿಲ ಕಡೆಗೇ. ಬಗ್ಗಲು ಸೊಂಟ ಬಿಡದು, ಅಳತೆಕೋಲಿನ ತುದಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕಟ್ಟಿ ಪ್ರತಿ ಕಾಲಿನ ಸುತ್ತಲೂ ಗೆರೆ ಎಳೆದೆ. ಮರುದಿನ ಅವಳು ಹೋದ ಮೇಲೆ ನೋಡಿದರೆ ಗೆರೆ ಒಂದು ಕಡೆ, ಕುರ್ಚಿ ಒಂದು ಕಡೆ. ಕೊನೆಗೆ ಮೂಲೆಯಲ್ಲಿದ್ದ ನನ್ನ ಕಬ್ಬಿಣದ ಕಾಲಿನ ಹೊಲಿಗೆ ಯಂತ್ರವೂ ಹೊಸ್ತಿಲ ಹತ್ತಿರ ಬಂದು ನಿಂತಿತು. ಇನ್ನು ಲಾರಿ ಬರುವುದೊಂದೇ ಬಾಕಿ.

ಜೊತೆಗೆ ಇವಳು ಆಗಾಗ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಕಳ್ಳಿ ಎಂದುಕೊಂಡೆ. ಆಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಇನ್ನೊಂದು ಸಲ ಬಿದ್ದರೆ ಈ ಮನೆಗೆ ಬೀಗ ಹಾಕಿ ನಿನ್ನ ಜೊತೆ ಬರಬೇಕು ಎಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೀಯಲ್ಲ? ನಾನು ಬೀಳುವವರೆಗೆ ಕಾಯುವ ತಾಳ್ಮೆ ನಿನಗಿಲ್ಲ, ಒಳಗಿಂದೊಳಗೇ ಮನೆ ಖಾಲಿ ಮಾಡಿಸುತ್ತಿದ್ದೀಯ ಎಂದುಕೊಂಡೆ. ಹೆತ್ತ ಮಗಳ ಮೇಲೆ ಹೀಗೆ ಅನುಮಾನ ಪಡುತ್ತೀಯಲ್ಲ ಎಂದು ನನಗೆ ನಾನೇ ಬೈದುಕೊಂಡೆ. ಆದರೂ ಅನುಮಾನ ಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಬರುವ ಮೊದಲೇ ಎದ್ದು, ತಳ್ಳಿ ಎಳೆದು, ಕುರ್ಚಿ ಕಪಾಟುಗಳನ್ನೆಲ್ಲ ಸೀಮೆಸುಣ್ಣದ ಗೆರೆಯೊಳಗೆ ತಂದು ನಿಲ್ಲಿಸಿದೆ. ಯಂತ್ರ ಮಾತ್ರ ಮಿಸುಕಲಿಲ್ಲ. ಗೆದ್ದೆನೆಂದು ಮಂಚದ ಮೇಲೆ ಕೂತಿದ್ದೆ. ಬೆಲ್ ಆಯಿತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಚಾಚಿತು. ಅಲ್ಲಿ ಕುರ್ಚಿ ಇರಲಿಲ್ಲ. ಆಯ ತಪ್ಪಿ ನೆಲದ ಮೇಲೆ ಕುಳಿತುಬಿಟ್ಟೆ. ಬಿದ್ದೆ ಎಂದುಕೊಳ್ಳಬೇಡ, ಕುಳಿತೆ.

ನಾನೇ ಖಾಲಿ ಮಾಡಿದ ದಾರಿಯನ್ನು ನೆಲದಿಂದ ನೋಡಿದಾಗ ಎಲ್ಲ ಅರ್ಥವಾಯಿತು. ಮಂಚದಿಂದ ಬಾಗಿಲವರೆಗೆ ನನ್ನ ತೋಳಿನ ಅಳತೆಗೆ ಸರಿಯಾಗಿ ಒಂದೊಂದು ಆಸರೆ ಇಟ್ಟಿದ್ದಳು ಆ ಹೆಂಗಸು. ಒಂದನ್ನು ಬಿಟ್ಟರೆ ಇನ್ನೊಂದು ಕೈಗೆ ಸಿಗಬೇಕು, ಹಾಗೆ. ಇಷ್ಟು ದಿನ ಬೆಲ್ ಆದರೆ ನಾನೇ ಹೋಗಿ ತೆಗೆಯುತ್ತಿದ್ದೆ, ಕಾಲಿಗೆ ಬಲ ಬಂತು ಎಂದು ಬೀಗುತ್ತಿದ್ದೆ. ತೆವಳಿಕೊಂಡು ಹೋಗಿ ಯಂತ್ರದ ಕಾಲು ಹಿಡಿದು ಎದ್ದು, ಅವತ್ತೂ ಬಾಗಿಲು ನಾನೇ ತೆಗೆದೆ.

ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅವಳನ್ನು ಗದರಿದೆ. “ಹೇಳಿದ್ರೆ ನೀವು ಬಿಡ್ತಿದ್ರಾ ಅಮ್ಮ? ನನಗೇನಾಗಿದೆ ಅಂತ ಕುರ್ಚಿನೇ ಎಸೀತಿದ್ರಿ,” ಎಂದಳು. ಅವಳ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ಫೋನಿನ ಆ ಕಡೆ ಇದ್ದವನು ಬಡಗಿಯಂತೆ. ಬಚ್ಚಲಿಗೊಂದು ಹಿಡಿಕೆ ಹಾಕಿಕೊಡು ಎಂದು ಗೋಗರೆಯುತ್ತಿದ್ದಳಂತೆ. ಅವನು ಬಂದು ಹಾಕುವವರೆಗೆ ನಾನು ‘ಅಂತೆ’ ಎಂದೇ ಹೇಳುವವಳು.

ಕುರ್ಚಿಗಳೆಲ್ಲ ಈಗ ಮತ್ತೆ ಅವಳಿಟ್ಟ ಜಾಗದಲ್ಲೇ ಇವೆ. ಒಟ್ಟಿನಲ್ಲಿ ಅವಳನ್ನು ಬಿಡಿಸಬೇಡ. ಉಳಿದಂತೆ ಎಲ್ಲ ಕ್ಷೇಮ.

ಇಂತಿ,
ತನ್ನ ಮನೆಯಲ್ಲೇ ಇರುವ
ನಿನ್ನ ಅಮ್ಮ

ಮರೆತ ಮಾತು: ಮೇಲಿನ ದುಂಡು ಅಕ್ಷರ ನನ್ನದಲ್ಲವೆಂದು ಗೊತ್ತಾಗಿರಬೇಕು. ನಾನು ಹೇಳಿದೆ, ಮೌನಗೌರಿ ಬರೆದಳು. ‘ಕಳ್ಳಿ’ ಎಂಬುದನ್ನೂ ಹೇಳಿದ ಹಾಗೇ ಬರೆದಿದ್ದಾಳೆ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ನೋಡಿದೆ. ‘ಕುಳಿತೆ’ ಎಂದಾಗ ಮಾತ್ರ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನಾನು ಚಾಡಿ ಹೇಳಲ್ಲ. ಹೇಳೋದು ನಿಮಗೆ ಬಿಟ್ಟಿದ್ದು,” ಎಂದು, ‘ಕುಳಿತೆ’ ಎಂದೇ ಬರೆದಳು. ಇದಿಷ್ಟನ್ನು ಎಡಗೈಯಲ್ಲಿ ನಾನೇ ಗೀಚುತ್ತಿದ್ದೇನೆ. ಬೈಗುಳವನ್ನೆಲ್ಲ ಅವಳ ಕೈಯಲ್ಲೇ ಬರೆಸಿದೆ, ಅವಳು ದೇವರಂಥವಳು ಎಂದು ಬರೆಸಲು ನಾಚಿಕೆಯಾಯಿತು. ಬಿದ್ದೆ ಪುಟ್ಟಿ. ಬಲಗೈ ಮಣಿಕಟ್ಟು ಉಳುಕಿದೆ, ಮೂಳೆಗೇನೂ ಆಗಿಲ್ಲವೆಂದು ಡಾಕ್ಟರು ಪಟ್ಟಿ ಕಟ್ಟಿದ್ದಾರೆ. ಮಾತು ಕೊಟ್ಟದ್ದು ನೆನಪಿದೆ. ಕರೆದೊಯ್ಯಲೆಂದೇ ಬರುವುದಾದರೂ ಬಾ. ಆದರೆ ಬೆಲ್ ಮಾಡಿ ಹೊರಗೇ ನಿಂತಿರು, ನಾನು ಬಂದು ತೆಗೆಯುತ್ತೇನೆ. ನಿನ್ನ ತೀರ್ಮಾನ ಏನಿದ್ದರೂ ಅದಾದ ಮೇಲೆ ಹೇಳು.