ಬಾಗಿಲ ಹಿಡಿಕೆ

ಗುರುವಾರ, ೧೯ನೇ ತಾರೀಕು
ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಊಟದ ಬಿಡುವು

ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಎರಡು ಪತ್ರಗಳೂ ನನ್ನ ಕೈಚೀಲದಲ್ಲಿ ಊರೆಲ್ಲ ಓಡಾಡಿ ಮೂಲೆ ಮಡಚಿಕೊಂಡಿವೆ. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕಾದರೆ ನಿನ್ನ ಅಪ್ಪನನ್ನು ಬೈ. ಗಾಡಿ ಗೊತ್ತಾದ ದಿನವೇ ಬರೆಯೋಣವೆಂದು ಕಾಯುತ್ತಿದ್ದೆ, ಆ ದಿನವನ್ನು ಮುಂದೂಡುವುದರಲ್ಲಿ ಅವರು ನಿಸ್ಸೀಮರಾಗಿದ್ದರು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ನಗಲು ಶುರುಮಾಡುತ್ತೀಯ. ನನ್ನ ಸಿಟ್ಟು ಪೂರ್ತಿ ಹೊರಗೆ ಬರಬೇಕಾದರೆ ಕಾಗದವೇ ಆಗಬೇಕು.

ಮೊದಲು ಸುದ್ದಿ: ಗಾಡಿ ಸಿಕ್ಕಿದೆ. ನೀನು ಹೇಳಿದ ನಾಲ್ಕೂವರೆ ಲಕ್ಷದೊಳಗೇ ಸಿಕ್ಕಿದೆ. ಇನ್ನು ನೆಮ್ಮದಿಯಾಗಿ ಕೂತು ಓದು.

ಇಬ್ಬರೂ ಒಟ್ಟಿಗೆ ಹೋಗಿ ಎಂದವಳು ನೀನು. "ಅಪ್ಪ ಒಬ್ಬರೇ ಹೋದ್ರೆ ಕೇಳಿದಷ್ಟು ಕೊಟ್ಟು, ಮೇಲೆ ಥ್ಯಾಂಕ್ಸ್ ಹೇಳಿ ಬರ್ತಾರೆ. ನೀನೊಬ್ಬಳೇ ಹೋದ್ರೆ ಬೆಲೆ ಇಳಿಯುತ್ತೆ, ಗಾಡಿ ಮಾತ್ರ ಬರಲ್ಲ" ಎಂದು ಬರೆದಿದ್ದೆ. ಮಾತು ನಿಜ, ಅದಕ್ಕೇ ಸಿಟ್ಟು ಬಂತು. ಹೊಸ ಕೇಂದ್ರದವರಿಗೆ ಸ್ವಂತ ಗಾಡಿಯಿರುವ ಫಿಸಿಯೋಥೆರಪಿಸ್ಟೇ ಬೇಕು, ಮಿತಿ ಮೀರಿದರೆ ಸಾಲ ಮಾಡುವುದಿಲ್ಲ, ಆ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದೂ ಬರೆದಿದ್ದೆ. ನನ್ನ ಹಟ ಹೋಗಿ ಹೋಗಿ ನಿನಗೇ ಬರಬೇಕಿತ್ತೆ? ರೋಗಿಗಳ ಮನೆಗೆ ಒಯ್ಯುವ ಆ ಮಡಿಸುವ ಮಂಚವನ್ನು ಹೆಗಲಿಗೇರಿಸಿಕೊಂಡು ನೀನು ಬಸ್ಸು ಹತ್ತುವುದು, ಕಂಡಕ್ಟರು ಅದಕ್ಕೂ ಟಿಕೆಟ್ಟು ಕೇಳುವುದು ನನ್ನ ಕಣ್ಣ ಮುಂದೆ ಬಂತು. ಹೋಗಲಿ, ಮಗಳಿಗಾಗಿ ಅಲ್ಲವೇ ಎಂದುಕೊಂಡು ನಿನ್ನ ಅಪ್ಪನಿಗೆ ಫೋನು ಮಾಡಿದೆ. ಬೇರೆ ಬೇರೆ ಮನೆ ಮಾಡಿದ ಮೂರು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಇದು.

ನಮ್ಮ ಚೌಕಾಸಿಯ ಪದ್ಧತಿ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ಅದರಲ್ಲಿ ನಿನಗೂ ಒಂದು ಪಾತ್ರವಿತ್ತು, ಹೊಟ್ಟೆ ಹಸಿವು ಎಂದು ಅಳುವುದು. ನಾನು ಕಂಡಿದ್ದಕ್ಕೆಲ್ಲ ಹೆಸರಿಡಬೇಕು. ಅವರು ಮಾರುವವನ ಪರ ವಹಿಸಿ ನನ್ನನ್ನು ಸಮಾಧಾನ ಮಾಡಬೇಕು. ಬೆಲೆ ಒಂದು ಕಡೆ ಅಲುಗಾಡದೆ ನಿಂತುಬಿಟ್ಟಾಗ ನಾನು ಎದ್ದು ನೇರ ಬಾಗಿಲ ಕಡೆಗೆ ನಡೆಯಬೇಕು, ತಿರುಗಿ ನೋಡಬಾರದು. ಇಷ್ಟು ವರ್ಷ ಕನ್ನಡಕ ಮಾರಿ ನನಗೆ ಗೊತ್ತು: ತಿರುಗಿ ನೋಡುವ ಗಿರಾಕಿ ಹೇಗೂ ವಾಪಸು ಬರುತ್ತಾನೆ, ಅವನಿಗೆ ನಾವು ಬೆಲೆ ಇಳಿಸುವುದಿಲ್ಲ. ನನ್ನ ಕೈ ಬಾಗಿಲ ಹಿಡಿಕೆಯ ಮೇಲೆ ಬೀಳುವಷ್ಟರಲ್ಲಿ ಮಾರುವವನೇ ಕರೆದರೆ ಸರಿ. ಕರೆಯದಿದ್ದರೆ ಅಪ್ಪ ಕರೆಯಬೇಕು: "ಇವಳೇ, ಒಂದ್ನಿಮಿಷ!" ನಾನು ನಿಲ್ಲುತ್ತೇನೆ. ಅವರು ಮಾರುವವನ ಕಡೆ ಬಗ್ಗಿ ಮೆಲ್ಲಗೆ, "ಅವಳು ಹೋದ್ರೆ ಮತ್ತೆ ಬರಲ್ಲ" ಎನ್ನುತ್ತಾರೆ. ನಮ್ಮ ಬೀರು, ಹೊಲಿಗೆ ಯಂತ್ರ, ನಿನ್ನ ಮೊದಲ ಸೈಕಲ್ಲು, ಎಲ್ಲವೂ ಆ ಒಂದು ಮಾತಿಗೆ ಮನೆ ಸೇರಿದವು.

ಇದೆಲ್ಲ ಅವರಿಗೆ ಮರೆತೇ ಹೋಗಿತ್ತೋ, ಬೇಕೆಂದೇ ಮರೆತಿದ್ದರೋ ತಿಳಿಯದು. ಮೊದಲ ದಿನ ಮೇಲ್ಸೇತುವೆಯ ಪಕ್ಕದ ಹಳೇ ಕಾರುಗಳ ಮಳಿಗೆಗೆ ಹೋದೆವು. ಬಸ್ಸಿನಿಂದ ಇಳಿದರೆ ನಿನ್ನ ಅಪ್ಪ ಕೈಯಲ್ಲೊಂದು ಪರದೆಯ ಸರಳು ಹಿಡಿದು ನಿಂತಿದ್ದಾರೆ! ಏನಿದು ಎಂದರೆ, "ಅವಳ ಮಂಚ ಮಡಿಸಿದ್ರೆ ಎಷ್ಟುದ್ದ ಆಗುತ್ತೋ ಅಷ್ಟಕ್ಕೆ ಕತ್ತರಿಸ್ಕೊಂಡು ಬಂದಿದೀನಿ. ಇದು ಹಿಡಿದ್ರೆ ಮಂಚ ಹಿಡಿಯುತ್ತೆ" ಎಂದರು. ಬುದ್ಧಿವಂತಿಕೆಯೇ, ಒಪ್ಪುತ್ತೇನೆ. ಆದರೆ ಗಾಡಿಗಳ ಸಾಲಿನಲ್ಲಿ ಸರಳು ಬೀಸುತ್ತ ನಡೆಯುವ ಮನುಷ್ಯನನ್ನು ಕಂಡು ಕಾವಲುಗಾರ ಹಿಂದೆಯೇ ಬಂದ. ಐದು ನಿಮಿಷದಲ್ಲಿ ನಿನ್ನ ಅಪ್ಪ ಆ ಕಾವಲುಗಾರನ ಮಂಡಿನೋವಿನ ಪೂರ್ತಿ ಕಥೆ ಕೇಳಿ, ಅವನಿಗೆ ನಿನ್ನ ಫೋನ್ ನಂಬರು ಕೊಟ್ಟರು. ಅವನು ಫೋನು ಮಾಡಿದರೆ ಗಾಬರಿಯಾಗಬೇಡ.

ಒಳಗೆ ಮಳಿಗೆಯ ಯಜಮಾನ. ನಾನು ಕುರ್ಚಿ ಎಳೆದುಕೊಂಡು, ಗಾಡಿ ನೋಡಲು ಸುಮ್ಮನೆ ಬಂದಿದ್ದೇವೆ, ಅವಸರವೇನಿಲ್ಲ ಎಂದು ಶುರುಮಾಡಿದೆ. ಪಕ್ಕದಿಂದ ನಿನ್ನ ಅಪ್ಪ, "ಅವಸರ ಇಲ್ದೆ ಏನು, ಒಂದನೇ ತಾರೀಕು ಮಗಳು ಕೆಲಸಕ್ಕೆ ಸೇರ್ಬೇಕಲ್ಲ! ಪಾಪ, ನಾಲ್ಕೂವರೆ ಕೂಡಿಟ್ಟಿದಾಳೆ" ಎಂದರು.

ಯಜಮಾನನ ಮುಖ ಹೇಗೆ ಅರಳಿತು ಎನ್ನುತ್ತೀಯ! "ಎಂಥಾ ಮಗಳು ಸರ್!" ಎಂದ. ಆಮೇಲೆ ಆ ಮಳಿಗೆಯಲ್ಲಿ ಎಲ್ಲ ಗಾಡಿಗಳೂ ನಾಲ್ಕೂವರೆಗೇ ಶುರುವಾಗಿ ಮೇಲಕ್ಕೆ ಹೋಗುತ್ತಿದ್ದವು. ಬಾಗಿಲು ಸರಿಯಾಗಿ ಮುಚ್ಚದ, ಕೂತರೆ ಮಂಡಿ ಗದ್ದಕ್ಕೆ ತಾಗುವ ಒಂದು ಡಬ್ಬಿಗೂ ನಾಲ್ಕೂವರೆ!

ಬಸ್ ನಿಲ್ದಾಣದಲ್ಲಿ ನಾನು ಅವರಿಗೆ ಬೆನ್ನು ಹಾಕಿ ನಿಂತಿದ್ದೆ. ಅವರೇ ಶುರುಮಾಡಿದರು. "ಒಳ್ಳೇ ಮನುಷ್ಯ, ಅಲ್ವಾ?"

"ನೀವು ಭೂಗೋಳ ಪಾಠ ಮಾಡ್ತಿದ್ರಲ್ಲ, ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಡ್ತಿದ್ರಾ?"

"ಛೆ, ಛೆ."

"ಮತ್ತೆ ಇವತ್ತು ಮಾಡಿದ್ದೇನು?"

"ಅದೂ ಸರಿ" ಎಂದರು. ಅವರ ಜೊತೆ ಜಗಳವಾಡುವುದೇ ಕಷ್ಟ. ಗೋಡೆಗೆ ಕಲ್ಲು ಹೊಡೆದರೆ ವಾಪಸಾದರೂ ಬರುತ್ತದೆ. ಇವರು ಹತ್ತಿಯ ಮೂಟೆ.

ಎರಡನೆಯ ಮಳಿಗೆಗೆ ಹೋಗುವ ಮುಂಚೆ ಕಟ್ಟಪ್ಪಣೆ ಮಾಡಿದೆ: ಮಗಳ ಸುದ್ದಿ ಎತ್ತಕೂಡದು, ತಾರೀಕು ಹೇಳಕೂಡದು, ಅಂಕಿ ಅಂತೂ ಬಾಯಿಂದ ಬರಲೇಕೂಡದು. ಅಲ್ಲೇ ನಿನ್ನ ಗಾಡಿ ಕಂಡಿದ್ದು. ಮೋಡದ ಬಣ್ಣ, ಬಾಗಿಲು ಹಾಕಿದರೆ ಗಟ್ಟಿ ಸದ್ದು. ಹಿಂದಿನ ಸೀಟು ಮಡಿಸಿದಾಗ ಪರದೆಯ ಸರಳು ಒಳಗೆ ಹೋಗಿ ಇನ್ನೂ ಒಂದು ಗೇಣು ಜಾಗ ಉಳಿಯಿತು. ನಿನ್ನ ಅಪ್ಪ ಹಲ್ಲು ಕಿರಿಯಲು ಹೊರಟಿದ್ದರು, ನಾನು ಅವರ ಕಾಲು ತುಳಿದೆ. ಮಾರನೆಯ ದಿನ ನಮ್ಮ ಬೀದಿಯ ಮೆಕ್ಯಾನಿಕ್ಕು ಬಂದು, ಓಡಿಸಿ, ಕೆಳಗೆ ಮಲಗಿ ನೋಡಿ, "ಇಂಜಿನ್ನು ಗಟ್ಟಿ ಇದೆ ಅಕ್ಕ, ಬೆಲೆ ಮಾತ್ರ ಸೊಕ್ಕಿನದು" ಎಂದ. ಬೆಲೆ ಐದೂಕಾಲು.

ಅಲ್ಲಿ ಮಾರುವವನಿಗೆ ನಾನು ನಗುಮುಖ ಎಂದು ಹೆಸರಿಟ್ಟಿದ್ದೇನೆ. ಏನು ಬೈದರೂ ನಗುತ್ತಾನೆ. ಒಂದು ಮಾತು ಕೇಳಿದರೆ, "ಒಳಗೆ ಕೇಳ್ಕೊಂಡು ಬಂದ್ಬಿಡ್ತೀನಿ ಮೇಡಂ" ಎಂದು ಗಾಜಿನ ಕೋಣೆಗೆ ಹೋಗುತ್ತಾನೆ. ಮುಖ ಸಣ್ಣದು ಮಾಡಿಕೊಂಡು ಬಂದು, "ಒಳಗೆ ಒಪ್ತಾ ಇಲ್ಲ, ನಾನು ಎಷ್ಟು ಹೇಳಿದೆ ಗೊತ್ತಾ" ಎನ್ನುತ್ತಾನೆ. ನಾಲ್ಕು ಸಲ ಹೀಗಾದ ಮೇಲೆ ನಿನ್ನ ಅಪ್ಪ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ನೋಡಿ ಬಂದರು. ಒಳಗೆ ಯಾರೂ ಇಲ್ಲ! ನಗುಮುಖ ಒಬ್ಬನೇ ಕೂತು ಟೀ ಕುಡಿಯುತ್ತಿದ್ದನಂತೆ. "ಪಾಪ, ಅವನಿಗೂ ಬಿಡುವು ಬೇಕಲ್ವಾ" ಎಂದರು. ಪಾಪವಂತೆ!

ನಿನ್ನೆ ಕೊನೆಯ ಸುತ್ತು. ನಾನು ಬಣ್ಣದಿಂದ ಶುರುಮಾಡಿದೆ. ಕೊಳೆ ಕಾಣುವ ಬಣ್ಣ ಎಂದೆ. "ಬಣ್ಣದಲ್ಲೇನಿದೆ ಬಿಡು" ಎಂದು ಅಪ್ಪ ತಮ್ಮ ಪಾತ್ರ ಹಿಡಿದರು. ಗೇರು ಬದಲಾಯಿಸಿದರೆ ಗಂಟಲು ಕೆರೆದ ಸದ್ದು ಬರುತ್ತದೆ ಎಂದೆ. "ಹೊಸದರಲ್ಲೂ ಬರುತ್ತೆ" ಎಂದರು. ನೋಡು, ಮೂರು ವರ್ಷದಿಂದ ಅವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ನಾನು ಕೆಮ್ಮಿಯೇ ಕೆಲಸ ಸಾಗಿಸುತ್ತಿದ್ದೇನೆ. ಆದರೆ ಕೆಮ್ಮುತ್ತ ಚೌಕಾಸಿ ಮಾಡಲಾಗುತ್ತದೆಯೇ? "ರೀ, ನೀವು ಸುಮ್ನಿರಿ" ಎಂದುಬಿಟ್ಟೆ. ಅಲ್ಲಿಂದ ಅದೇನಾಯಿತೋ, ಮಾತು ತನ್ನಷ್ಟಕ್ಕೆ ಓಡಿತು.

"ಎಲ್ಲಾರಿಗೂ ಒಳ್ಳೆಯವರಾಗೋದೇ ಆಯ್ತು ನಿಮ್ದು."

"ಅದರಲ್ಲಿ ತಪ್ಪೇನು?"

"ಕಂಡೋರ ಹತ್ರ ಎಲ್ಲ ಬಾಯಿ ಬಿಡ್ತೀರ. ಕಾವಲುಗಾರನ ಮಂಡಿ ಬೇಕು, ಕಂಡಕ್ಟರನ ಸಂಸಾರ ಬೇಕು. ಮನೆಗೆ ಬಂದ್ರೆ ಮಾತ್ರ ಬಾಯಿಗೆ ಬೀಗ."

ನಿನ್ನ ಅಪ್ಪ ಸರಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಪಾತ್ರದ ಪ್ರಕಾರ ಅವರು ಏನಾದರೂ ಹೇಳಬೇಕಿತ್ತು. ನಗುಮುಖನ ನಗು ಮೊದಲ ಸಲ ಜಾರಿತು. ಅವನೇ ಎದ್ದು ನೀರು ತಂದಿಟ್ಟು, "ಮೇಡಂ, ವಿಮೆ ನಾವೇ ಹಾಕ್ಕೊಳ್ತೀವಿ, ನಾಲ್ಕೂಮುಕ್ಕಾಲಿಗೆ ಮುಗಿಸಿಬಿಡಿ" ಎಂದ. ಸಂಜೆ ಇನ್ನೊಬ್ಬರು ಹಣ ತರುತ್ತಾರೆ, ಇವತ್ತೊಂದು ದಿನ ಮಾತ್ರ ಈ ಬೆಲೆ ಎಂದು ಬೇರೆ ಸೇರಿಸಿದ. ನಾಲ್ಕೂಮುಕ್ಕಾಲಿನಿಂದ ಅವನನ್ನು ಕದಲಿಸಲು ಆಗಲೇ ಇಲ್ಲ.

ನಾನು ಚೀಲ ಹೆಗಲಿಗೆ ಹಾಕಿ ಎದ್ದೆ. ಆ ಮಳಿಗೆ ಉದ್ದಕ್ಕಿದೆ. ಹೊಳಪಿನ ನೆಲ, ಎರಡೂ ಕಡೆ ಗಾಡಿಗಳು. ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸುತ್ತಿತ್ತು. ನಗುಮುಖ ಕರೆಯಲಿಲ್ಲ, ಅವನೂ ಪಳಗಿದವನು. ಗಾಜಿನ ಬಾಗಿಲಿಗೆ ಉದ್ದನೆಯ ಉಕ್ಕಿನ ಹಿಡಿಕೆ. ಅದರ ಮೇಲೆ ಕೈ ಇಟ್ಟೆ. ಆಗ ಹಿಂದಿನಿಂದ, "ಇವಳೇ, ಒಂದ್ನಿಮಿಷ!"

ನಿಂತೆ. ಅಷ್ಟು ದೊಡ್ಡ ಕೋಣೆಯಲ್ಲಿ ಮೆಲ್ಲಗೆ ಆಡಿದ್ದೂ ಕೇಳುತ್ತದೆ. "ಅವಳು ಹೋದ್ರೆ ಮತ್ತೆ ಬರಲ್ಲ" ಎಂದರು. ಹಳೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಿನ್ನೆ ಒಂದು ಸೇರಿಸಿದರು: "ನನಗೆ ಗೊತ್ತು."

ನಗುಮುಖ ಅವರ ಮುಖವನ್ನೇ ನೋಡಿದ. ಒಳಗೆ ಕೇಳುತ್ತೇನೆ ಎನ್ನಲಿಲ್ಲ, ಗಾಜಿನ ಕೋಣೆಗೆ ಹೋಗಲೂ ಇಲ್ಲ. "ನಾಲ್ಕೂವರೆ ಮಾಡಿ ಸರ್, ಅವರನ್ನ ಕರೀರಿ" ಎಂದ.

ಹೊರಗೆ ಬಂದ ಮೇಲೆ ನಿನ್ನ ಅಪ್ಪ ಸರಳನ್ನು ಹೆಗಲಿಗೆ ಆನಿಸಿಕೊಂಡು, "ಹೇಗಿತ್ತು ನನ್ನ ನಟನೆ?" ಎಂದು ಕೇಳಿದರು. "ಚೆನ್ನಾಗಿತ್ತು" ಎಂದೆ. "ನಿಂದೂ ಜೋರಾಗಿತ್ತು. ಆ ಬಾಯಿಗೆ ಬೀಗ ಅಂದ್ಯಲ್ಲ, ಒಳ್ಳೇ ಮಾತು" ಎಂದರು. ಬಸ್ಸು ಬಂತು, ಹತ್ತಿದೆ. ಅವರದು ಬೇರೆ ಬಸ್ಸು.

ಕಾಗದಪತ್ರ ಶನಿವಾರ ಮುಗಿಯುತ್ತದೆ. ಭಾನುವಾರ ಅಪ್ಪ ಗಾಡಿ ಓಡಿಸಿಕೊಂಡು ನಿನ್ನಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಬೇಡಿ ಎಂದು ಹೇಳಿದ್ದೇನೆ. ಹತ್ತಿಸಿಕೊಂಡೇ ಬರುತ್ತಾರೆ, ನೋಡುತ್ತಿರು. ನಾನು ಅದೇ ದಿನ ಬಸ್ಸಿನಲ್ಲಿ ಬರುತ್ತೇನೆ. ಒಂದೇ ಊರಿಂದ ಒಂದೇ ಊರಿಗೆ, ಖಾಲಿ ಸೀಟಿರುವ ಗಾಡಿ ಇರುವಾಗ ಇದೆಂಥ ಹುಚ್ಚು ಎನ್ನುತ್ತೀಯ. ಅವರೂ ಕೇಳಿದರು. ಗಾಡಿಯಲ್ಲಿ ನನಗೆ ತಲೆ ಸುತ್ತುತ್ತದೆ ಎಂದೆ.

ಹೊಸ ಕೆಲಸದಲ್ಲಿ ನಿನಗೆ ಒಳ್ಳೆಯದಾಗಲಿ. ಗಾಡಿ ಬಂತೆಂದು ಊಟ ಬಿಟ್ಟು ಮನೆಯಿಂದ ಮನೆಗೆ ಓಡಬೇಡ. ಮಂಚವನ್ನು ಒಬ್ಬಳೇ ಎತ್ತಬೇಡ, ಬೇರೆಯವರ ಬೆನ್ನು ಸರಿಮಾಡುವವಳಿಗೆ ತನ್ನ ಬೆನ್ನು ಲೆಕ್ಕಕ್ಕಿರುವುದಿಲ್ಲ. ನೂರು ಕಾಲ ಸುಖವಾಗಿರು ಮಗಳೇ. ಅಂಗಡಿಯಲ್ಲಿ ಯಾರೋ ಗಂಟೆ ಒತ್ತುತ್ತಿದ್ದಾರೆ, ನಿಲ್ಲಿಸುತ್ತೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ತಲೆ ಸುತ್ತುವುದಿಲ್ಲ, ನಿನಗೆ ಗೊತ್ತು. ನಾನು ಮನೆ ಬಿಟ್ಟು ಬಂದ ದಿನ ನೀನು ಹಾಸ್ಟೆಲಿನಲ್ಲಿದ್ದೆ. ಅವತ್ತೂ ಹೀಗೇ ಚೀಲ ಹೆಗಲಿಗೆ ಹಾಕಿ, ತಿರುಗಿ ನೋಡದೆ ನಡೆದು, ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ನಿಂತಿದ್ದೆ. ತುಂಬ ಹೊತ್ತು ನಿಂತಿದ್ದೆ. ಒಳಗೆ ಅವರು ಪೇಪರಿನ ಹಾಳೆ ತಿರುಗಿಸಿದ್ದು ಕೇಳಿಸಿತು, ಅಷ್ಟೇ. ನಿನ್ನೆ ಆ ಮಳಿಗೆಯಲ್ಲಿ ಅವರು ಕರೆದಾಗ, ಕರೆದದ್ದು ಗಾಡಿಗಾಗಿ ಎಂದು ನೆನಪಾಗುವಷ್ಟರಲ್ಲಿ ನಾನು ತಿರುಗಿಯಾಗಿತ್ತು.