ಸೀಜ್ ಆದ ಕಿಟಕಿ ಸೀಟು

ಜೂನ್ 16, ಸೋಮವಾರ

ಎಂದಿನಂತೆ ಅರಸೀಕೆರೆ ಬಸ್‌ಸ್ಟ್ಯಾಂಡು, ಹಳೇಬೀಡಿನ ಬಸ್ಸು. ಎಂದಿನಂತೆ ಹೊರಗಿನಿಂದಲೇ ಕಿಟಕಿಯೊಳಕ್ಕೆ ಕರ್ಚೀಫ್ ಎಸೆದೆ. ಡ್ರೈವರ್ ಹಿಂದಿನ ಸೀಟು. ಇಲ್ಲಿಗೆ ಬಂದಾಗಿನಿಂದ ನನ್ನದು. ಹತ್ತಿ ನೋಡಿದರೆ ಅಲ್ಲಿ ಆಗಲೇ ಟವೆಲ್ ಮಲಗಿದೆ! ಹಳದಿ. ಅರ್ಧ ಒದ್ದೆ. ಮಹಾಂತೇಶನದು — ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು.

"ರಘುರಾಮ್ ಸಾರ್, ಹಿಂದೆ ಗಾಳಿ ಚೆನ್ನಾಗೈತೆ. ಹೋಗಿ, ಹೋಗಿ!"

ಈ ಬಸ್‌ಸ್ಟ್ಯಾಂಡಿನ ಸಂವಿಧಾನಕ್ಕೆ ಒಂದೇ ವಿಧಿ. ಬಟ್ಟೆ ಬಿದ್ದ ಸೀಟು ಬಟ್ಟೆಯವನದು. ತಲೆಬಾಗಿದೆ. ಹಿಂದೆ ಹೋದೆ.

ಹಿಂದೆ ಕೂತರೆ ನನಗೆ ವಾಂತಿ. ಹಳೆಯ ಊರಿನಲ್ಲಿ ಒಮ್ಮೆ ಆಗಿ, ವರ್ಗವಾಗುವ ತನಕ 'ವಾಂತಿ ಮೇಷ್ಟ್ರು' ಅನ್ನಿಸಿಕೊಂಡೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಕೂಡದು. ಜಾವಗಲ್ಲಿನಲ್ಲಿ ನಮ್ಮ ಶಾಲೆಯ ಮಕ್ಕಳೇ ಹತ್ತುತ್ತಾರೆ.

ಹುಣಸೆಹಣ್ಣು ಚೀಪಿ ಬಚಾವಾದೆ.

ಜೂನ್ 17

ಟವೆಲ್.

ಜೂನ್ 18

ಟವೆಲ್. ಇಂದು ನಕ್ಕನೂ ಕೂಡ, ಹಲ್ಕಾ.

ಜೂನ್ 19, ಗುರುವಾರ

ಒಂಬತ್ತನೇ ತರಗತಿ. ಇಂಗ್ಲಿಷ್ ಪಾಠದಲ್ಲಿ 'ಸೀಜ್' ಎಂಬ ಕ್ರಿಯಾಪದ. ಬಲವಂತವಾಗಿ ವಶಪಡಿಸಿಕೊಳ್ಳುವುದು ಅಂದೆ.

ಹಿತಾ ಎದ್ದಳು. "ಗೊತ್ತು ಸಾರ್. ಇನ್ಶೂರೆನ್ಸ್ ಇಲ್ಲ ಅಂತ ನಮ್ಮಾವನ ಬೈಕ್ ಸೀಜ್ ಮಾಡಿದ್ರು."

"ನಮ್ ಬೋರಿನ ಮೋಟ್ರು ಸೀಜ್ ಆಗೈತೆ ಸಾರ್," ಅಂದ ಧರ್ಮೇಶ. "ಅದನ್ನ ಯಾರ್ ವಶ ಮಾಡ್ಕಂಡ್ರು?"

"ತುಕ್ಕು," ಅಂದೆ. ಇಡೀ ಕ್ಲಾಸು ನಕ್ಕಿತು.

ಕೋಟೆ, ಸಿಂಹಾಸನ, ಅವಕಾಶ — ಏನನ್ನು ಬೇಕಾದರೂ ಸೀಜ್ ಮಾಡಬಹುದು. ಬೋರ್ಡಿನ ತುಂಬ ಬರೆದೆ. ಭಯವೂ ಮನುಷ್ಯನನ್ನು ಸೀಜ್ ಮಾಡುತ್ತದೆ. ಉದಾಹರಣೆ ಕೇಳಿದಳು ಹಿತಾ. ಕೊಡಲಿಲ್ಲ. ಮೈದಾನದಲ್ಲಿ ಮಹಾಂತೇಶನ ಸೀಟಿ ಕೇಳಿಸುತ್ತಿತ್ತು.

ಮಕ್ಕಳಿಗೆ ಹೇಳಿದ್ದನ್ನು ಮೇಷ್ಟ್ರು ಮಾಡಿ ತೋರಿಸಬೇಡವೇ? ನಾಳೆ.

ಜೂನ್ 20, ಶುಕ್ರವಾರ

ಮಾಡಿದೆ! ಟವೆಲನ್ನು ಎರಡೇ ಬೆರಳಲ್ಲಿ ಎತ್ತಿ ಕಿಟಕಿಯಾಚೆ ಬಿಟ್ಟೆ. ಕೂತೆ. ಪಟ್ಟಾಭಿಷೇಕ.

ಮಹಾಂತೇಶ ಟವೆಲ್ ಕೊಡವುತ್ತ ಹತ್ತಿದ. ಹಿಂದೆ ಹೋಗಿ ಕೂತ. ಜಗಳಕ್ಕೆ ನಿಂತವಳು ದಿನವೂ ಇದೇ ಬಸ್ಸಿಗೆ ಬರುವ ಸೊಪ್ಪಿನ ದ್ಯಾವಮ್ಮ.

"ಏನ್ ಸಾಮಿ, ಟವಲ್ ಎತ್ತಿ ಬಿಸಾಕ್ತೀರಾ? ನಾಳೆ ನನ್ ಸೊಪ್ಪಿನ್ ಗಂಟು ಬಿಸಾಕ್ತೀರಾ?"

ಕಂಡಕ್ಟರ್ ಉಗ್ರಪ್ಪ ಟಿಕೆಟ್ ಕೊಡುವಾಗ ನನ್ನ ಮುಖವನ್ನೇ ನೋಡಲಿಲ್ಲ. "ಇನ್ಮೇಲೆ ನಿಮ್ ಬಟ್ಟೆಗೂ ಬೆಲೆ ಇಲ್ಲ ಕಣ್ರೀ," ಅಂದ.

ಜೂನ್ 23

ಕರ್ಚೀಫ್ ಎಸೆದೆ. ಹತ್ತುವಷ್ಟರಲ್ಲಿ ಅದು ರಸ್ತೆಯಲ್ಲಿತ್ತು.

ಜೂನ್ 24

ಛತ್ರಿ ಎಸೆದೆ. ಛತ್ರಿಯೂ ವಾಪಸ್ ಬಂತು, ಒಂದು ಕಡ್ಡಿ ಮುರಿದುಕೊಂಡು. ಯಾರು ಅಂತ ಕೇಳಿದೆ. ಬಸ್ಸಿಗೆ ಬಸ್ಸೇ ಕಿಟಕಿಯಾಚೆ ನೋಡಿತು. ದ್ರೋಹಿಗಳು.

ಜುಲೈ 3, ಗುರುವಾರ. ಬಸ್ಸಿನಲ್ಲೇ.

ಜ್ವರ ಅಂತ ರಜೆ ಹಾಕಿದ್ದೆ. ಜ್ವರ ಇರಲಿಲ್ಲ. ರಜೆಯೂ ಮುಗಿಯಿತು.

ಕಟ್ಟಕಡೆಯ ಸೀಟು. ಇಂದು ಎಸೆದ ನನ್ನ ಕರ್ಚೀಫ್ ಮುಂದಿದೆ — ಮಹಾಂತೇಶ ಅದರ ಮೇಲೇ ಕೂತಿದ್ದಾನೆ. ಹುಣಸೆಹಣ್ಣು ಮರೆತೆ. ತಲೆ ತಗ್ಗಿಸಿ ಬರೆಯಬಾರದು, ಗೊತ್ತು. ತಲೆ ಎತ್ತಿದರೆ ಅವನ ಹೆಡಕು ಕಾಣುತ್ತದೆ. ಅದು ಇನ್ನೂ ಕೆಟ್ಟದು.

ಜಾವಗಲ್. ಮಕ್ಕಳು ಹತ್ತಿದರು. "ಗುಡ್ ಮಾರ್ನಿಂಗ್ ಸಾರ್, ಜ್ವರ ಬಿಡ್ತಾ?" — ಹಿತಾ. ತಲೆಯಾಡಿಸಿದೆ. ಆಡಿಸಬಾರದಿತ್ತು.

ಅಯ್ಯೋ, ಅವನೇ ಎದ್ದು ಬರುತ್ತಿದ್ದಾನೆ. ಸೀಟಿಗೆ ಟವೆಲನ್ನು ಕಾವಲಿಟ್ಟಿದ್ದಾನೆ. ಇಂದು ಕ್ರೀಡಾಕೂಟ — ಬಿಳಿ ಪ್ಯಾಂಟು, ಬಿಳಿ ಬೂಟು. ಎಲ್ಲಾ ಹೊಸದು.

"ಏನ್ ಸಾರ್ ಗೀಚ್ತಿದೀರಾ? ನನ್ ಮ್ಯಾಲೆ ಕಂಪ್ಲೇಂಟಾ? ಓದಿ, ಮಕ್ಳೂ ಕೇಳ್ಲಿ!"

ಮಂಡಿಗೆ ಮಂಡಿ ತಾಗಿಸಿ ಕೂತ. ಮುಖ ಹತ್ತಿರ ತಂದ. ಮುಂದೆ ದೊಡ್ಡ ತಿರುವು. ಅವನಿಗೆ ತಕ್ಕ ಉತ್ತರ ಬಾಯಿಗೇ ಬಂದಿದೆ. ಉತ್ತರ ಅಲ್ಲ, ಅದು —