ಮರಿ ಪರೀಕ್ಷೆಯ ಪದ್ಯ

ಮಹಡಿ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಹಿರಿಯರೇ, ನಾಯಿಮರಿ ಪರೀಕ್ಷಾ ಮಂಡಳಿಯ ಏಕೈಕ ಸದಸ್ಯನಾದ ನಾನು ತಮ್ಮ ಮುಂದೆ ವರದಿ ಒಪ್ಪಿಸುತ್ತಿದ್ದೇನೆ.

ಪ್ರೀತಿಯ ಅಕ್ಕಾ, ಚಪ್ಪಾಳೆ ಸಾಕು. ಆಸ್ಪತ್ರೆಯಲ್ಲಿ ನಿದ್ದೆ ಬರುತ್ತಿದೆಯೇ? ಊಟ ಇನ್ನೂ ಸಪ್ಪೆಯೇ? ಕಾಲಿನ ಬಾವು ಇಳಿಯಿತೇ? ಪಕ್ಕದ ಮಂಚದ ಅಜ್ಜಿಯ ಗೊರಕೆ ಯಾವ ಮಟ್ಟದಲ್ಲಿದೆ? ಮುಂದಿನ ಮಂಗಳವಾರದ ಆಪರೇಷನ್ ಮುಗಿಸಿ ನೀನು ಮನೆಗೆ ಬರುವ ಹೊತ್ತಿಗೆ ಮಡಿಲಲ್ಲಿ ಹಿಡಿಸುವಷ್ಟು ಪುಟ್ಟ ನಾಯಿಮರಿ ಬಾಗಿಲಲ್ಲಿರಬೇಕೆಂದು ಅಪ್ಪಣೆ ಮಾಡಿದ್ದೆಯಲ್ಲ, ಬಂದಿದೆ. ಸದ್ಯಕ್ಕೆ ನನ್ನ ಎಡ ಚಪ್ಪಲಿಯ ಮೇಲೆ ಮಲಗಿದೆ.

ಸಣ್ಣ ಜಾತಿಯ ಮರಿಯಲ್ಲಿ ಏನೇನು ನೋಡಬೇಕೆಂದು ನೀನು ಫೋನಿನಲ್ಲಿ ಹೇಳಿದ್ದು ಮರೆಯದಿರಲೆಂದು ಪದ್ಯ ಕಟ್ಟಿಕೊಂಡು ಹೋಗಿದ್ದೆ:

ಕಣ್ಣು ಸೋರದಿರಲಿ, ಕಿವಿ ನಾರದಿರಲಿ,
ಮಂಡಿಚಿಪ್ಪು ಜಾರದಿರಲಿ, ನೆತ್ತಿ ಕೂಡಿರಲಿ,
ಹಲ್ಲಿಗೆ ಹಲ್ಲು ಸರಿ ಕೂತಿರಲಿ,
ಹೆತ್ತ ತಾಯಿ ಕಣ್ಣೆದುರಿರಲಿ.

ಮರಿ ಕೊಟ್ಟಾಕೆ ಬಟ್ಟೆ ಹೊಲಿಯುವವಳು. ತಾಯಿನಾಯಿ ಹೊಲಿಗೆ ಯಂತ್ರದ ಕೆಳಗೆ ಚಿಂದಿಗಳ ಮೇಲೆ ಮಲಗಿತ್ತು. ಮರಿಗೆ ಒಂಬತ್ತು ವಾರ ತುಂಬಿತ್ತು, ಮೊದಲ ಲಸಿಕೆಯ ಚೀಟಿಯೂ ಇತ್ತು. ನಾನು ಪದ್ಯ ಗೊಣಗುತ್ತ ಮರಿಯ ಕಾಲು ಮಡಿಸಿ, ಬಿಡಿಸಿ, ನೆತ್ತಿಯ ಮೂಳೆ ಕೂಡಿದೆಯೇ ಎಂದು ಬೆರಳಾಡಿಸುತ್ತಿದ್ದರೆ, ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ಏನ್ ಸಾರ್, ಮರಿ ತಗೊಳ್ಳೋಕೆ ಬಂದ್ರೋ, ಬಾಯಿಪಾಠ ಒಪ್ಪಿಸೋಕೆ ಬಂದ್ರೋ?" ಅಂದಳು. ಮರಿ ಎಲ್ಲ ಸಾಲುಗಳಲ್ಲೂ ಪಾಸು.

ಮಾರನೆಯ ದಿನ ಪಶುವೈದ್ಯರ ಮೇಜಿನ ಮೇಲೆ ಬಿಟ್ಟೆ. ಅವರೂ ಪದ್ಯ ಕೇಳಿ ನಕ್ಕರು. ಆಮೇಲೆ, "ಎಲ್ಲಾ ನೋಡಿದ್ದೀರಿ, ಎದೆ ಯಾಕೆ ಬಿಟ್ರಿ?" ಅಂದರು. ಪ್ರಾಸ ಸಿಗಲಿಲ್ಲ ಅಂದೆ. ಅವರು ಎದೆಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬಡಿತದ ನಡುವೆ ಸಣ್ಣಗೆ ಸುಯ್ಯೆನ್ನುವ ಸದ್ದಿದೆಯಂತೆ. ಇಂಥ ಮರಿಗಳಲ್ಲಿ ಎಷ್ಟೋ ಸಲ ನಾಲ್ಕೈದು ತಿಂಗಳಿಗೆ ತಾನೇ ಹೋಗುತ್ತದಂತೆ. ಹೋಗದಿದ್ದರೆ ಸ್ಕ್ಯಾನ್ ಮಾಡಿ ನೋಡಬೇಕಂತೆ. ನೀವೂ ಕೇಳಿ ಎಂದು ಕೊಳವೆ ಚಾಚಿದರು. ನನಗೆ ಆಗಲೇ ಕನ್ನಡಕ ಒರೆಸುವ ಕೆಲಸ ಬಂತು.

ಹೊಲಿಯುವವಳು ಭಾನುವಾರದೊಳಗೆ ತಂದರೆ ವಾಪಸ್ ತೆಗೆದುಕೊಳ್ಳುತ್ತಾಳೆ. ಬದಲಿ ಮರಿ ತರೋಣ, ಅಕ್ಕನ ಕೈಗೆ ಇಂಥದ್ದನ್ನು ಕೊಡುವುದು ಬೇಡ ಎಂದು ನಮ್ಮವಳ ವಾದ. ತೀರ್ಮಾನ ನಿನ್ನದು. ಭಾವನಿಗೆ ನಮಸ್ಕಾರ ಹೇಳು, ಅಜ್ಜಿಗೆ ಮೂಗಿನ ಹನಿ ಹಾಕಿಸು.

ನಿನ್ನ ತಮ್ಮ,
ಪ್ರಾಸದ ಪೀಡೆ

ತಾಜಾಕಲಂ: ಮರಿಯನ್ನು ವಾಪಸ್ ಕೊಡುವುದಿಲ್ಲ. ಪ್ರಾಸ ಸಿಗಲಿಲ್ಲ ಅಂದದ್ದು ಸುಳ್ಳು. "ಎದೆ ನೆಟ್ಟಗಿರಲಿ" ಎಂದು ಮೊದಲ ಸಾಲೇ ಬರೆದಿದ್ದೆ, ನಿನ್ನ ಹೃದಯದ ಸ್ಕ್ಯಾನ್ ವರದಿ ನೆನಪಾಗಿ ಹೊಡೆದುಹಾಕಿದೆ. ಇವತ್ತು ಬೆಳಿಗ್ಗೆ ಮರಿಯ ಎದೆಗೆ ಕಿವಿ ಇಟ್ಟೆ. ಸುಯ್ಯೆನ್ನುತ್ತದೆ, ಬಡಿಯುತ್ತದೆ. ಮೇಲೆ ನಿದ್ದೆ, ಊಟ, ಕಾಲು, ಕಂಡವರ ಗೊರಕೆ ಎಲ್ಲ ಕೇಳಿದೆ. ಅದೊಂದನ್ನು ಕೇಳಲು ಹೆದರಿದ್ದೆ. ನಿನ್ನ ಎದೆ ಹೇಗಿದೆ, ಅಕ್ಕಾ?